ಹತ್ತೊಂಬತ್ತು ಗಾಯದ ಮೇಜು

ಒಂದು ಹಾಲಿನ ಪಾತ್ರೆಯಿಂದ ಅಣ್ಣತಮ್ಮಂದಿರ ಮನೆ ಮುರಿಯಿತು ಎಂದರೆ ಯಾರೂ ನಂಬುವುದಿಲ್ಲ. ಪಾತ್ರೆ ದೊಡ್ಡದೂ ಅಲ್ಲ, ಅರ್ಧ ಲೀಟರಿನದು. ಅದನ್ನು ಒಲೆಯಿಂದ ಇಳಿಸಿ, ಕೆಳಗೆ ಒಂದು ಬಟ್ಟೆ ಚೂರನ್ನೂ ಹಾಕದೆ ಊಟದ ಮೇಜಿನ ಮೇಲೆ ಇಟ್ಟವನು ಆ ಮನೆಯ ಯಜಮಾನನೇ. ಅವನು ದಾಖಲೆ ಕಚೇರಿಯಲ್ಲಿ ನಕಲು ಗುಮಾಸ್ತ. ಹಳೆಯ ಕಾಗದ ನೋಡಿಕೊಂಡು ಹೊಸ ಕಾಗದಕ್ಕೆ ಬರೆಯುವುದರಲ್ಲೇ ಇಪ್ಪತ್ತೆಂಟು ವರ್ಷ ಸವೆಸಿದ್ದ. ಒಲೆ, ಪಾತ್ರೆ ಅವನಿಗೆ ಗೊತ್ತಿದ್ದ ವಿಷಯವಲ್ಲ.

ಅಂದು ಬೆಳಿಗ್ಗೆ ಹೆಂಡತಿ ಅತ್ತೆಯನ್ನು ಕರೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು. ಬಾಗಿಲು ದಾಟುವಾಗ, "ಹಾಲು ಕಾಯಿಸಿ ಚಹಾ ಮಾಡ್ಕೊಳ್ಳಿ. ಬೇರೆ ಏನನ್ನೂ ಮುಟ್ಟೋಕೆ ಹೋಗ್ಬೇಡಿ," ಎಂದಿದ್ದಳು. ಅವನು ಬೇರೆ ಏನನ್ನೂ ಮುಟ್ಟಲಿಲ್ಲ. ಚಹಾ ಕುಡಿದು ಪಾತ್ರೆ ಎತ್ತಿದರೆ ಮೇಜಿನ ಪಾಲಿಶಿನ ಮೇಲೆ ಬೆಳ್ಳಗೆ, ದುಂಡಗೆ, ಗ್ರಹಣ ಬಿಟ್ಟ ಚಂದ್ರನ ಹಾಗೆ ಒಂದು ಕಲೆ ಕೂತಿತ್ತು.

ಬೇರೆ ಮನೆಯ ಮೇಜಾಗಿದ್ದರೆ ಮೇಲೊಂದು ಬಟ್ಟೆ ಹಾಸಿ ಮರೆತುಬಿಡಬಹುದಿತ್ತು. ಈ ಮೇಜಿನ ಕತೆ ಹಾಗಲ್ಲ.

ಅದನ್ನು ಮಾಡಿಸಿದವರು ಗುಮಾಸ್ತನ ಅಪ್ಪ. ಮೇಲಿನದು ಒಂದೇ ಅಗಲ ಹಲಗೆ, ಎಲ್ಲೂ ಜೋಡಣೆ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮ ಇಬ್ಬರೂ ಪಾಲು ಮಾಡಿಕೊಂಡರು. ಕುರ್ಚಿ ಹಂಚಿದರು, ಹಾಸಿಗೆ ಹಂಚಿದರು, ಚಮಚೆಗಳನ್ನೂ ಎಣಿಸಿ ಹಂಚಿದರು. ಕೊನೆಗೆ ಉಳಿದದ್ದು ಎರಡೇ, ಮೇಜು ಮತ್ತು ಅಮ್ಮ. ಎರಡನ್ನೂ ಕೊಯ್ದು ಕೊಡುವ ಹಾಗಿರಲಿಲ್ಲ. ಅಮ್ಮನೇ ದಾರಿ ಹೇಳಿದಳು. "ನಲವತ್ತೈದು ವರ್ಷ ಇದರ ಮೇಲೆ ಉಂಡಿದೀನಿ. ಇದು ಎಲ್ಲಿರುತ್ತೋ ಅಲ್ಲಿ ನನ್ನ ತಟ್ಟೆ." ಹಾಗಾಗಿ ಆರು ತಿಂಗಳು ದೊಡ್ಡವನ ಮನೆ, ಆರು ತಿಂಗಳು ಚಿಕ್ಕವನ ಮನೆ. ಹಿಂದೆ ಮೇಜು, ಮುಂದೆ ಡ್ರೈವರ್ ಪಕ್ಕ ಅಮ್ಮ, ಒಂದೇ ಗಾಡಿಯಲ್ಲಿ.

ಮೂರನೆಯ ಸಲ ಗಾಡಿ ಇಳಿದಾಗ ಮೇಜಿನ ಮೇಲೆ ಒಂದು ಗೀರು ಕಾಣಿಸಿತು. ಇದು ನಿಮ್ಮ ಮನೆಯಲ್ಲಿ ಆದದ್ದು, ಅಲ್ಲ ನಿಮ್ಮಲ್ಲಿ ಆದದ್ದು ಎಂದು ಮಾತಿಗೆ ಮಾತು ಬೆಳೆದು, ಒಂದು ವರ್ಷ ಅಣ್ಣತಮ್ಮ ಎದುರಾದರೆ ಮುಖ ತಿರುಗಿಸಿ ನಡೆದರು. ಆಮೇಲೆ ತಮ್ಮನ ಹೆಂಡತಿ ಒಂದು ಉಪಾಯ ತೆಗೆದಳು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವವಳು. ಸಾವಿರ ಅಂಗಿಯಲ್ಲಿ ಒಂದು ತಪ್ಪಿದ ಹೊಲಿಗೆ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಮೇಜನ್ನು ದೀಪ ಹಿಡಿದು ನೋಡಿ, ಅದರ ಮೇಲಿನ ಗೀರು, ಕುಳಿ, ಕಲೆಗಳನ್ನೆಲ್ಲ ನಂಬರು ಹಾಕಿ, ಅಳತೆ ಸಮೇತ ಬರೆದಳು. ಒಟ್ಟು ಹತ್ತೊಂಬತ್ತು. ಕೆಳಗೆ ಒಂದು ಸಾಲು: ಕೊಟ್ಟ ಹಾಗೆ ವಾಪಸ್ಸು.

ಆರು ತಿಂಗಳ ಹಿಂದೆ ಮೇಜು ಬಂದಾಗ ಆ ಪಟ್ಟಿಯೂ ಬಂದಿತ್ತು. ಗುಮಾಸ್ತ ಮೇಜಿನ ಕಡೆ ತಿರುಗಿಯೂ ನೋಡದೆ ಸಹಿ ಹಾಕಿದ್ದ. ಬರೆದದ್ದರ ಮೇಲೆ ಸಂಶಯ ಪಡುವುದು ಅವನ ಜಾತಕದಲ್ಲೇ ಇರಲಿಲ್ಲ.

ಇಂದು ಸಂಜೆ ಆರಕ್ಕೆ ತಮ್ಮ, ಅವನ ಹೆಂಡತಿ ಗಾಡಿ ತರುವವರು. ನಾಳೆ ಬೆಳಿಗ್ಗೆ ಗುಮಾಸ್ತನ ಹೆಂಡತಿ ಮಗಳ ಊರಿಗೆ ಹೊರಡುವವಳು. ಬಸುರಿ ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು. ಮೇಜು ಹೋಗದಿದ್ದರೆ ಅಮ್ಮ ಹೋಗುವುದಿಲ್ಲ. ಅಮ್ಮ ಹೋಗದಿದ್ದರೆ ಅನ್ನ ಬೇಯಿಸಲು ಬಾರದ ತಾನು, ಕಣ್ಣು ಸರಿಯಾಗಿ ಕಾಣದ ಅಮ್ಮ, ಮನೆಯಲ್ಲಿ ಇಬ್ಬರೇ. ಅದಕ್ಕಿಂತ ಹೆಚ್ಚಾಗಿ, ತಮ್ಮನ ಜೊತೆ ಮತ್ತೊಂದು ಮೂಕ ವರ್ಷ. ಗುಮಾಸ್ತ ಬನಿಯನ್ ಬಿಚ್ಚಿ ಕಲೆಯನ್ನು ಉಜ್ಜತೊಡಗಿದ.

ಕಿಟಕಿಯ ಆಚೆಯಿಂದ ಎದುರು ಮನೆಯ ಟೈಲರಮ್ಮ ನೋಡಿದಳು.

"ಏನಣ್ಣಾ, ಮೇಜಿಗೆ ಮೈ ಉಜ್ಜಿ ಸ್ನಾನ ಮಾಡಿಸ್ತಾ ಇದೀರಾ?"

ಹೇಳದೆ ವಿಧಿಯಿರಲಿಲ್ಲ, ಹೇಳಿದ. ಅವಳು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಬಂದಳು. "ಬಿಸಿಯಿಂದ ಬಂದದ್ದು ಬಿಸಿಗೇ ಹೋಗಬೇಕು. ಬಟ್ಟೆ ಹಾಸಿ ಮೇಲೆ ಇಸ್ತ್ರಿ ಇಡಿ. ನಮ್ಮ ಚಿಕ್ಕಮ್ಮನ ಮನೇಲಿ ಹಾಗೇ ಹೋಯ್ತು."

"ಎಷ್ಟು ಹೊತ್ತು ಇಡ್ಬೇಕು?"

"ಹೋಗೋವರೆಗೂ."

ಅವಳ ಮನೆಯಲ್ಲಿ ಯಾರೋ ಗಿರಾಕಿ ಕೂಗಿದರು, ಅವಳು ಹೋದಳು. ಗುಮಾಸ್ತ ಕಲೆ ಹೋಗುವವರೆಗೂ ಇಟ್ಟ. ಬಟ್ಟೆ ಎತ್ತಿ ನೋಡಿದಾಗ ಕಲೆ ಹೋಗಿತ್ತು. ಅದರ ಜಾಗದಲ್ಲಿ ಪಾಲಿಶ್ ಬೆಂದು ಗುಳ್ಳೆ ಎದ್ದು, ಇಸ್ತ್ರಿ ಪೆಟ್ಟಿಗೆಯ ತಳ ಹೇಗಿದೆಯೋ ಹಾಗೇ ಒಂದು ದೋಣಿ ಮೂಡಿತ್ತು. ಚಂದ್ರ ಹೋಗಿ ದೋಣಿ ಬಂತು.

ಗುಳ್ಳೆಯ ವಾಸನೆಗೆ ಪಕ್ಕದ ಮನೆಯ ಸಲಹೆ ಸಾಹೇಬರು ಬಂದರು. ನಿವೃತ್ತರಾದ ಮೇಲೆ ಆ ಬೀದಿಯ ಕೊಳಾಯಿ, ಗಡಿಯಾರ, ಸಂಸಾರ ಯಾವುದನ್ನೂ ಅವರು ಕೈ ಹಾಕದೆ ಬಿಟ್ಟಿರಲಿಲ್ಲ. ಅವರು ಕೈ ಹಾಕಿದ ಮೇಲೆ ಯಾವುದೂ ಮೊದಲಿನಂತೆ ನಡೆದದ್ದೂ ಇಲ್ಲ.

"ಹೆಂಗಸರ ಮಾತು ಕೇಳಿ ಮೇಜಿಗೆ ಇಸ್ತ್ರಿ ಮಾಡ್ತಾರೇನ್ರೀ? ಇದಕ್ಕೆ ಮರಳುಕಾಗದ ಬೇಕು. ನಮ್ಮನೇಲಿದೆ, ತಡೀರಿ."

"ಸಾಹೇಬ್ರೇ, ನಿಧಾನಕ್ಕೆ..."

"ಮೂವತ್ತಾರು ವರ್ಷ ಸರ್ವಿಸ್ ಮಾಡಿದೀನಿ ನಾನು."

ಯಾವ ಸರ್ವಿಸ್ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಾಹೇಬರು ಕುರ್ಚಿ ಎಳೆದುಕೊಂಡು, ಮರದ ಎಳೆಗೆ ಅಡ್ಡಡ್ಡವಾಗಿ, ಕುದುರೆ ಮೈ ಉಜ್ಜುವ ಹಾಗೆ ಉಜ್ಜಿದರು. ಕಾಲು ಗಂಟೆಯಲ್ಲಿ ದೋಣಿಯ ಸುತ್ತ ಕೆರೆಯೂ ಆಯಿತು. ಎಮ್ಮೆ ಮಲಗುವಷ್ಟು ಅಗಲ ಪಾಲಿಶ್ ಎದ್ದುಹೋಗಿ ಬಿಳಿಯ ಮರ ಕಂಡಿತು. ಸಾಹೇಬರು ದೂರ ನಿಂತು ತಲೆ ವಾರೆ ಮಾಡಿ ನೋಡಿ, "ಇನ್ನು ಇದು ಕಸುಬಿನವರ ಕೆಲಸ," ಎಂದರು.

ಕಸುಬಿನವನು ಎಂದರೆ ಬೀದಿಯ ಕೊನೆಯ ಬಡಗಿ ಅಜ್ಜ. ವಯಸ್ಸಿಗೆ ಹಲ್ಲು ಬಿದ್ದಿದ್ದವು, ಕೋಪ ಬಿದ್ದಿರಲಿಲ್ಲ. ಮೇಜು ನೋಡಿದವನೇ ಮೊದಲು ಸಾಹೇಬರನ್ನು ನೋಡಿದ.

"ಯಾರು ಮಾಡಿದ್ದು ಇದು?"

"ಯಾರು ಮಾಡಿದ್ರೆ ಏನಪ್ಪ, ಮುಂದಿನದ್ದು ನೋಡು," ಎಂದರು ಸಾಹೇಬರು.

"ಮರಕ್ಕೆ ಬಾಯಿಲ್ಲ ಅಂತ ಹೀಗೆ ಮಾಡ್ತಾರಾ? ನಿಮ್ಮ ಬೆನ್ನ ಮೇಲೆ ಅಡ್ಡಡ್ಡ ಉಜ್ಜಿದ್ರೆ ಗೊತ್ತಾಗ್ತಿತ್ತು." ಆಮೇಲೆ ಹಲಗೆಯನ್ನು ಅಂಗೈಯಿಂದ ಸವರಿದ. ಅವನ ದನಿ ಇಳಿಯಿತು. "ಮರ ಬಂಗಾರದಂಥದು ಕಣಯ್ಯ. ಇಂಥ ಅಗಲ ಈಗ ಎಲ್ಲಿ ಸಿಗುತ್ತೆ. ಒಂದು ಕಡೆ ತೇಪೆ ಹಾಕಿದ್ರೆ ಎದ್ದು ಕಾಣುತ್ತೆ. ಪೂರಾ ಕೆರೆದು ಹೊಸದಾಗೇ ಪಾಲಿಶ್ ಕೊಡ್ಬೇಕು."

"ಸಂಜೆ ಐದರೊಳಗೆ ಆಗುತ್ತಾ ಅಜ್ಜ?"

"ಸ್ಪಿರಿಟ್ಟಲ್ಲಿ ಕರಗಿಸಿದ ಅರಗಿನ ಪಾಲಿಶು. ಹಚ್ಚಿದ ಹಾಗೇ ಒಣಗುತ್ತೆ. ನೀನು ಮಾತಾಡದೆ ಇದ್ರೆ ಆಗುತ್ತೆ."

ಗುಮಾಸ್ತ ಮಾತಾಡಲಿಲ್ಲ. ಅಜ್ಜ ಕೀಸುಳಿ ಓಡಿಸಿದ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ನೆಲ ತುಂಬಿತು. ಗಾಜಿನ ಚೂರಿನಿಂದ ಕೆರೆದ. ಎಳೆಯ ಜೊತೆ ಜೊತೆಗೇ, ಮಗುವಿನ ತಲೆ ಸವರುವ ಹಾಗೆ ಮರಳುಕಾಗದ ಆಡಿಸಿದ. ಆಮೇಲೆ ಅರಳೆಯನ್ನು ಬಟ್ಟೆಯಲ್ಲಿ ಕಟ್ಟಿ ಪಾಲಿಶಿನಲ್ಲಿ ಅದ್ದಿ, ಒಂದು ಸುತ್ತು, ಎರಡು ಸುತ್ತು, ಏಳು ಸುತ್ತು. ಮೂರು ಗಂಟೆಗೆ ಅವನು ನೆಟ್ಟಗೆ ನಿಂತಾಗ ಮೇಜಿನೊಳಗೆ ಛಾವಣಿ ಕಾಣುತ್ತಿತ್ತು. ಗುಮಾಸ್ತ ಬಗ್ಗಿದರೆ ಅವನ ಮುಖವೂ ಕಂಡಿತು. ಆ ಮುಖದಲ್ಲಿ ಬಹಳ ದಿನದ ಮೇಲೆ ಒಂದು ನಗು ಇತ್ತು.

"ನೋಡ್ಕೋ," ಎಂದ ಅಜ್ಜ. "ಒಂದೇ ಒಂದು ಗೀರು ಉಳಿಸಿದ್ರೆ ಕೇಳು."

ಗುಮಾಸ್ತನ ನಗು ಮೇಜಿನೊಳಗೇ ಇಳಿದುಹೋಯಿತು. ಕಪಾಟಿನಿಂದ ಪಟ್ಟಿಯ ತನ್ನ ಪ್ರತಿ ತೆಗೆದ. ಒಂದರಿಂದ ಹತ್ತೊಂಬತ್ತರವರೆಗೆ ಓದಿದ. ಪಟ್ಟಿಯಲ್ಲಿ ಎಲ್ಲ ಇತ್ತು, ಮೇಜಿನಲ್ಲಿ ಯಾವುದೂ ಇರಲಿಲ್ಲ.

"ಗೀರು ಹೋದ್ರೆ ಒಳ್ಳೇದೇ ಅಲ್ವೇನಣ್ಣಾ," ಎಂದಳು, ಇಸ್ತ್ರಿ ಪೆಟ್ಟಿಗೆ ವಾಪಸ್ಸು ಒಯ್ಯಲು ಬಂದಿದ್ದ ಟೈಲರಮ್ಮ.

"ಅವರು ಕೊಟ್ಟ ಹಾಗೆ ವಾಪಸ್ಸು ಅಂತ ಬರೆದಿದೆ. ಇದು ಕೊಟ್ಟ ಹಾಗಿಲ್ಲ. ಒಂದು ಗೀರಿಗೆ ಒಂದು ವರ್ಷ ಮಾತು ಬಿಟ್ಟಿದ್ದೆವು. ಹತ್ತೊಂಬತ್ತಕ್ಕೆ ಲೆಕ್ಕ ಹಾಕಿ."

ಟೈಲರಮ್ಮ ಲೆಕ್ಕ ಹಾಕಿ, ಎತ್ತಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಮತ್ತೆ ಕೆಳಗಿಟ್ಟಳು. ಗುಮಾಸ್ತ ಪಟ್ಟಿಯನ್ನು ಮೇಜಿನ ಮೇಲೆ ಹರಡಿ, ಕಚೇರಿಯಲ್ಲಿ ಕೂರುವ ಹಾಗೇ ಕೂತ. "ಪಟ್ಟಿಯಲ್ಲಿ ಇರೋದನ್ನ ಮೇಜಿಗೆ ಇಳಿಸಬೇಕು," ಎಂದ. "ಹಳೇ ಕಾಗದದಲ್ಲಿ ನೊಣ ಸತ್ತು ಅಂಟಿದ್ರೆ ಹೊಸದರಲ್ಲೂ ನೊಣ. ನನ್ನ ಕೆಲಸವೇ ಅದು."

ಅಜ್ಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ಗೋಡೆಗೆ ಒರಗಿ ಕೂತುಬಿಟ್ಟ. "ಐವತ್ತು ವರ್ಷ ಆಯ್ತು ಉಳಿ ಹಿಡಿದು. ನನ್ನ ಪಾಲಿಶ್ ಹಸಿ ಆರೋ ಮೊದಲೇ ಗೀರ್ತೀನಿ ಅಂದ ಗಂಡಸು ನೀನೊಬ್ಬನೇ."

ಕೆಲಸ ಶುರುವಾಯಿತು. ಟೈಲರಮ್ಮ ಟೇಪು ಹಿಡಿದು ಅಳತೆ ಮಾಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಅಂಗಿಯ ಗುಂಡಿ ಮನೆಗೆ ಹಾಕುವಷ್ಟೇ ಶ್ರದ್ಧೆಯಿಂದ. ನಂಬರು ಒಂದು, ಚಾಕುವಿನ ಗೀರು. ಗುಮಾಸ್ತ ಚಾಕು ಎಳೆದ, ಗೀರು ಬೇರೆ ಕಡೆ ತಿರುಗಿತು. "ಎಳೆಗೆ ಅಡ್ಡ ಗೀರ್ಬೇಡ್ವೋ," ಎಂದು ಅಜ್ಜ ಕೂತಲ್ಲೇ ನರಳಿದ. ನಂಬರು ನಾಲ್ಕು, ಸಿಗರೇಟು ಸುಟ್ಟ ಗುರುತು, ಅಪ್ಪನದು. ಡಾಕ್ಟರು ಬೇಡವೆಂದದ್ದಕ್ಕೆ ಸಾಹೇಬರು ಎಂಟು ವರ್ಷದಿಂದ ಸಿಗರೇಟು ಬಿಟ್ಟಿದ್ದರು. "ನಿಮ್ಮ ಕಷ್ಟಕ್ಕೋಸ್ಕರ," ಎಂದು ಅಂಗಡಿಯಿಂದ ತರಿಸಿಕೊಂಡು, ಸುಡಲು ಬೇಕಾದ್ದಕ್ಕಿಂತ ಎರಡು ಹೆಚ್ಚೇ ಸೇದಿದರು.

ನಂಬರು ಏಳು, ನಡುವಿನಲ್ಲಿ ಬುಗುರಿ ಮೊಳೆಯ ಕುಳಿ. ಗುಮಾಸ್ತನಿಗೆ ಅದು ಚೆನ್ನಾಗಿ ನೆನಪಿತ್ತು. ಒಂಬತ್ತು ವರ್ಷದವನಾಗಿದ್ದಾಗ ಮೇಜಿನ ಮೇಲೆ ಬುಗುರಿ ಆಡಿಸಿದವನು ಅವನೇ. ಏಟು ತಿಂದವನು ತಮ್ಮ. ಮೊಳೆ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹಾಕುವಾಗ, ಅದೇ ತಪ್ಪನ್ನು ಎರಡನೆಯ ಸಲ ಮಾಡಿದ ಹಾಗೆ ಅವನಿಗೆ ಅನಿಸಿತು.

ಹೀಗೆ ಶಾಯಿಯ ಕಲೆ, ಕತ್ತರಿಯ ತೂತು, ಬಾಗಿಲ ಚಿಲಕ ತಗುಲಿದ ಗಾಯ. ಹದಿನಾಲ್ಕಕ್ಕೆ ಬಂದಾಗ ಹೊತ್ತು ನಾಲ್ಕೂವರೆ. ಎಡ ಮೂಲೆಯಿಂದ ಒಂದು ಗೇಣು ಒಳಗೆ, ಹೆಬ್ಬೆರಳ ಉಗುರಿನಷ್ಟು ಅರ್ಧಚಂದ್ರ.

"ಇದು ಏನು ತಗುಲಿ ಆದದ್ದು?" ಎಂದು ಕೇಳಿದಳು ಟೈಲರಮ್ಮ.

"ನೆನಪಿಲ್ಲ. ಬರೆದಿದೆಯಲ್ಲ, ಇರುತ್ತೆ."

ಚಮಚೆಯ ಅಂಚಿನಿಂದ ಒತ್ತಲು ಹೋದ, ಚಮಚೆ ಬಾಗಿತು. ಅಜ್ಜನಿಗೆ ತಡೆಯಲಾಗಲಿಲ್ಲ. ಎದ್ದು ಬಂದು, "ಆ ಕಡೆ ಸರಿ. ಗಾಯ ಮಾಡೋದಕ್ಕೂ ಒಂದು ಕೈ ಬೇಕು," ಎಂದು ತನ್ನ ದುಂಡು ಉಳಿ ಇಟ್ಟು ಒಂದೇ ತಿರುವಿನಲ್ಲಿ ಕೊರೆದ. ಹತ್ತೊಂಬತ್ತರಲ್ಲಿ ಅಷ್ಟು ಅಂದದ ಗಾಯ ಇನ್ನೊಂದಿರಲಿಲ್ಲ.

ಹೊಳಪು ಕಳೆಯಲು ಚಹಾ ಕಷಾಯ, ಒಲೆಯ ಮಸಿ, ಬಾಗಿಲ ಮೂಲೆಯ ಧೂಳು ಎಲ್ಲ ಉಜ್ಜಿದರು. ಸಾಕ್ಷಿ ಉಳಿಯಬಾರದೆಂದು ಸಿಪ್ಪೆಯನ್ನೆಲ್ಲ ಟೈಲರಮ್ಮ ಉಡಿಯಲ್ಲಿ ತುಂಬಿಕೊಂಡು ಹೋಗಿ ತನ್ನ ನೀರೊಲೆಗೆ ಹಾಕಿದಳು. ಐದಕ್ಕೆ ಮೇಜು, ಪಾಪ, ಮೊದಲಿಗಿಂತ ಹಳೆಯದಾಗಿ ಕಾಣುತ್ತಿತ್ತು. ಮೂವರೂ ತಮ್ಮ ತಮ್ಮ ಮನೆಗೆ ಹೋದರು.

ಐದೂಕಾಲಿಗೆ ಹೆಂಡತಿ ಅಮ್ಮನ ಕೈ ಹಿಡಿದುಕೊಂಡು ಬಂದಳು. ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟಿದ್ದರು. ನಾಳೆಯವರೆಗೂ ಎಲ್ಲ ಮಂಜು. ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಸವರುತ್ತ ಒಳಗೆ ಹೋಗಿ ಮಲಗಿದಳು.

"ಏನಿದು ವಾಸನೆ?" ಎಂದಳು ಹೆಂಡತಿ. "ಆಸ್ಪತ್ರೆಯಿಂದ ಹೊರಟು ಆಸ್ಪತ್ರೆಗೇ ಬಂದ ಹಾಗಿದೆ."

"ಕಾಲು ಉಳುಕಿತ್ತು. ಔಷಧಿ ಹಚ್ಚಿಕೊಂಡೆ."

"ಮನೇಲಿ ಒಂದು ದಿನ ಬಿಟ್ಟು ಹೋಗೋ ಹಾಗಿಲ್ಲ ನಿಮ್ಮನ್ನ," ಎಂದು ಅವಳು ಪೆಟ್ಟಿಗೆ ಕಟ್ಟಲು ಹೋದಳು.

ಆರಕ್ಕೆ ಸರಿಯಾಗಿ ಗಾಡಿ ನಿಂತಿತು. ತಮ್ಮ ಒಳಗೆ ಬಂದು, "ಹೇಗಿದೀಯಣ್ಣಾ," ಎಂದ. ಒಂದು ವರ್ಷ ಆ ಮಾತೂ ಇಲ್ಲದೆ ಕಳೆದದ್ದು ನೆನಪಾಗಿ ಗುಮಾಸ್ತ ತಾನೇ ಕುರ್ಚಿ ಎಳೆದು ಅವನ ಮುಂದಿಟ್ಟ. ತಮ್ಮನ ಹೆಂಡತಿ ನೀರೂ ಕುಡಿಯದೆ ಪಟ್ಟಿ, ಕೈದೀಪ ತೆಗೆದಳು.

"ತಪ್ಪು ತಿಳ್ಕೋಬೇಡಿ ಭಾವ. ಒಂದು ಸಲ ನೋಡಿಬಿಡೋಣ. ಆಮೇಲೆ ಯಾರಿಗೂ ಮಾತಿರಲ್ಲ."

"ನೋಡಮ್ಮ, ನೋಡು. ನೋಡೋದೇ ಒಳ್ಳೇದು."

ಅವಳು ಬೆರಳಿಟ್ಟು ಒಂದೊಂದೇ ಓದುತ್ತ ಹೋದಳು. ಒಂದು, ಇದೆ. ಎರಡು, ಇದೆ. ಏಳಕ್ಕೆ ಬಂದಾಗ ತಮ್ಮ ಬಗ್ಗಿ ಬುಗುರಿ ಕುಳಿಯ ಮೇಲೆ ಬೆರಳಾಡಿಸಿ, "ಇದಕ್ಕೆ ಅಪ್ಪ ನನ್ನ ಬೆನ್ನು ಮುರಿದಿದ್ರು, ನೆನಪಿದೆಯಾ?" ಎಂದು ನಕ್ಕ. ಗುಮಾಸ್ತನೂ ನಕ್ಕ, ಅದು ಅಳುವಿನ ಹಾಗಿತ್ತು. ಹದಿನಾಲ್ಕರ ಹತ್ತಿರ ಅವಳ ಬೆರಳು ಒಂದು ಗಳಿಗೆ ನಿಂತಿತು. ಕೈದೀಪ ಹತ್ತಿರ ತಂದಳು. ಮುಂದಿನ ನಂಬರಿಗೆ ಹೋದಳು. ಹದಿನೆಂಟು. ಹತ್ತೊಂಬತ್ತು. ಪಟ್ಟಿ ಮಡಚಿದಳು.

"ಹತ್ತೊಂಬತ್ತೂ ಇದೆ ತಾನೇ?" ಎಂದ ಗುಮಾಸ್ತ. ಇಡೀ ದಿನದ ಉಸಿರು ಒಂದೇ ಸಲ ಹೊರಗೆ ಬಂತು.

"ಅದೇ ತೊಂದರೆ ಭಾವ," ಎಂದಳು ಅವಳು. "ಮೇಜಿನ ಮೇಲೆ ಇದ್ದದ್ದು ಹದಿನೆಂಟು."

"ಪಟ್ಟಿಯಲ್ಲಿ..."

"ಪಟ್ಟಿಯಲ್ಲಿ ಹತ್ತೊಂಬತ್ತು ಬರೆದಿದ್ದೆ. ಹದಿನಾಲ್ಕು ನಾನೇ ಹುಟ್ಟಿಸಿ ಬರೆದದ್ದು. ಕಾರ್ಖಾನೇಲಿ ಹಾಗೇ ಮಾಡ್ತೀವಿ, ಯಾರಾದ್ರೂ ಮಾಲು ನೋಡದೆ ಚೀಟಿ ನೋಡಿ ಟಿಕ್ ಹಾಕ್ತಾರಾ ಅಂತ. ನಮ್ಮ ಮೇಜು ವಾಪಸ್ಸು ಬಂದ್ರೆ ಆ ಅರ್ಧಚಂದ್ರ ಇರಲ್ಲ. ಪಟ್ಟಿ ನೋಡಿ ಮಾಡಿಸಿದ ಬೇರೆ ಮೇಜು ಬಂದ್ರೆ ಇರುತ್ತೆ."

ತಮ್ಮ ಹಲಗೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಕಾಲು ಹಳೇದೇ. ಹಲಗೆ ತೆಳ್ಳಗಾಗಿದೆಯಲ್ಲಣ್ಣಾ. ಅಪ್ಪನ ಹಲಗೆ ಏನು ಮಾಡಿದೆ?"

ಗುಮಾಸ್ತ ಎಲ್ಲ ಹೇಳಿದ. ಹಾಲಿನ ಪಾತ್ರೆಯಿಂದ ಹಿಡಿದು ಒಲೆಯ ಮಸಿಯವರೆಗೆ, ಒಂದನ್ನೂ ಬಿಡದೆ. ಜೀವಮಾನದಲ್ಲಿ ಅವನು ಅಷ್ಟು ನಿಜವನ್ನು ಒಟ್ಟಿಗೆ ಹೇಳಿದ್ದಿಲ್ಲ. ಹೇಳುತ್ತ ಹೇಳುತ್ತ ಅವನಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಹೆಂಡತಿ ಬಾಗಿಲಲ್ಲಿ ನಿಂತು, "ಕಾಲು ಉಳುಕಿತು ಅಂದ್ರಲ್ಲ," ಎಂದಳು.

"ಬೇಕಾದ್ರೆ ಕೇಳಿ. ಎಲ್ಲರೂ ಇದ್ರು."

ಟೈಲರಮ್ಮ ಕರೆ ಕೇಳಿ ಮಷೀನು ಜೋರಾಗಿ ತುಳಿಯತೊಡಗಿದಳು. ಸಾಹೇಬರು ಬಾಗಿಲಿಗೆ ಬಂದರು. ಹಿಂದೆಯೇ ಅವರ ಹೆಂಡತಿ ನಿಂತಿದ್ದಳು. ಮೇಜು ನೋಡಿದರೆ ಸಿಗರೇಟಿನ ಮಾತು ಬರುತ್ತದೆ. "ನಾನು ಬೇರೆಯವರ ಮನೆ ವಿಷಯಕ್ಕೆ ತಲೆ ಹಾಕೋನಲ್ಲಪ್ಪ," ಎಂದು ಒಳಗೆ ಹೋದರು. ಬಡಗಿ ಅಜ್ಜ ಮಾತ್ರ ಬಂದ. ಕೈದೀಪದ ಬೆಳಕಲ್ಲಿ ಮೇಜಿನ ಮೇಲಿನ ಮಸಿ, ಸೊಟ್ಟ ಗೀರುಗಳನ್ನು ನೋಡಿ ಅವನು ಮುಖ ಸಿಂಡರಿಸಿದ.

"ಅಜ್ಜ, ಇದು ನೀವು ಪಾಲಿಶ್ ಮಾಡಿದ ನಮ್ಮ ಹಳೇ ಮೇಜು ತಾನೇ? ಹೇಳಿ."

ಅಜ್ಜನಿಗೆ ಸತ್ಯವೂ ಬೇಕಿತ್ತು, ಮರ್ಯಾದೆಯೂ ಬೇಕಿತ್ತು. ಎರಡನ್ನೂ ತೂಗಿ ನೋಡಿದ. "ಈ ಹೊಲಸಿಗೆಲ್ಲ ನನ್ನ ಹೆಸರು ಹಚ್ಬೇಡಿ," ಎಂದ. "ಆ ಅರ್ಧಚಂದ್ರ ಒಂದು ನನ್ನ ಕೈಯದು. ಉಳಿದದ್ದು ನಾನು ಮುಟ್ಟಿಲ್ಲ."

"ಕೇಳಿದ್ರಾ," ಎಂದಳು ತಮ್ಮನ ಹೆಂಡತಿ ಗಂಡನಿಗೆ. "ಬಡಗಿಯೇ ಒಪ್ಪಿಕೊಂಡ."

ಆಗ ಒಳಗಿನಿಂದ ಅಮ್ಮ ಗೋಡೆ ಸವರುತ್ತ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಯಾಕೆ ಕಿತ್ತಾಡ್ತೀರಿ? ಕಣ್ಣಿಲ್ಲದಿದ್ರೆ ಏನು, ನನ್ನ ಮೇಜು ನನಗೆ ಗೊತ್ತಾಗಲ್ವಾ?" ಎಂದು ತನ್ನ ಜಾಗಕ್ಕೆ ಹೋಗಿ ಕೂತಳು. ಗುಮಾಸ್ತ ದೇವರನ್ನು ನೆನೆದ. ಅಮ್ಮನ ಕೈಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು.

ಅಮ್ಮ ಅಂಗೈಯನ್ನು ಎದುರಿಗೆ ಇಟ್ಟಳು. ಆ ಕಡೆ ಈ ಕಡೆ ಆಡಿಸಿದಳು. ಮತ್ತೆ ಆಡಿಸಿದಳು. ಗೀರುಗಳನ್ನು ಅವಳು ಹುಡುಕಲೇ ಇಲ್ಲ.

"ಇಲ್ಲಿ ಒಂದು ತಗ್ಗಿತ್ತು," ಎಂದಳು. "ನನ್ನ ತಟ್ಟೆ ಕೂತು ಕೂತು, ಅಷ್ಟು ವರ್ಷದಲ್ಲಿ ಇಷ್ಟೇ ಇಷ್ಟು ಸವೆದಿತ್ತು. ತಟ್ಟೆ ಇಟ್ರೆ ಅಲ್ಲೇ ಹೋಗಿ ಕೂತ್ಕೊಳ್ತಿತ್ತು."

ಅದು ಪಟ್ಟಿಯಲ್ಲಿ ಇರಲಿಲ್ಲ. ಎಷ್ಟು ದೀಪ ಹಿಡಿದರೂ ಕಣ್ಣಿಗೆ ಕಾಣುವಂಥದ್ದಲ್ಲ. ಅಜ್ಜನ ಕೀಸುಳಿಗೆ ಅದೂ ಒಂದೇ, ಉಳಿದದ್ದೂ ಒಂದೇ.

"ಇದು ನಮ್ಮ ಮೇಜಲ್ಲ," ಎಂದಳು ಅಮ್ಮ.

ಗಾಡಿ ಬರಿದಾಗಿಯೇ ಹೋಯಿತು. ಹೋಗುವಾಗ ತಮ್ಮ ಚಪ್ಪಲಿ ಮೆಟ್ಟುತ್ತ, ಮುಖ ಎತ್ತದೆ, "ಅಪ್ಪನ ಹಲಗೆ ಸಿಕ್ಕಿದ ದಿನ ಹೇಳಿ ಕಳಿಸು. ಅಮ್ಮನ್ನೂ ಕರ್ಕೊಂಡು ಹೋಗ್ತೀನಿ," ಎಂದ. ಮರುದಿನ ಬೆಳಿಗ್ಗೆ ಹೆಂಡತಿ ಮಗಳ ಊರಿಗೆ ಹೋದಳು. ಹೆರಿಗೆ ಯಾರ ಮೇಜಿಗೂ ಕಾಯುವುದಿಲ್ಲ.

ಈಗ ಆ ಮನೆಯಲ್ಲಿ ಇಬ್ಬರೇ. ಗುಮಾಸ್ತ ಬೇಯಿಸಿದ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಅಮ್ಮ ಮೇಜಿನ ಹತ್ತಿರ ಸುಳಿಯುವುದಿಲ್ಲ. ಗೋಡೆಗೆ ಒರಗಿ, ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುತ್ತಾಳೆ. ಮೊದಲ ಕೆಲವು ದಿನ, "ಎಲ್ಲಿ ಕೊಟ್ಟೆ ಹೇಳಿಬಿಡೋ ಮಗ, ಚಿಕ್ಕೋನಿಗೆ ನಾನು ಹೇಳಲ್ಲ," ಎನ್ನುತ್ತಿದ್ದಳು. ಅವನು ನಿಜ ಹೇಳುತ್ತಿದ್ದ. ಪ್ರತಿ ಸಲ ನಿಜ ಹೇಳಿದಾಗಲೂ ಅಮ್ಮ ಒಂದು ತುತ್ತು ಕಡಿಮೆ ಉಣ್ಣುತ್ತಿದ್ದಳು.

ಹನ್ನೆರಡನೆಯ ದಿನ ಅವನಿಗೆ ಸಾಕಾಯಿತು. ಕಚೇರಿಯಿಂದ ಬಂದು, ಅನ್ನ ಬಡಿಸಿ, ಅವಳು ಕೇಳುವ ಮೊದಲೇ, "ಹುಡುಕ್ತಾ ಇದೀನಮ್ಮ," ಎಂದ.

ಅಮ್ಮ ಅಂದು ತಟ್ಟೆ ಖಾಲಿ ಮಾಡಿದಳು. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ದೊಡ್ಡದೊಂದು ನಿಟ್ಟುಸಿರು ಬಿಟ್ಟಳು.

"ನಿಮ್ಮಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ಹುಡುಕಿ ತಂದಿರ್ತಿದ್ರು."